ಮೊದಲ ಪರೀಕ್ಷೆ ಗಂಡನದ್ದು

(ಚನ್ನಪಟ್ಟಣದಲ್ಲಿ ಸ್ತ್ರೀಶಕ್ತಿ ಸಂಘದವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಬಿಡಿಸಿ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ರೋಗಿಗಳ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ದಾರಿಯಲ್ಲಿ ದೊಡ್ಡಮಳೂರಿನ ಗುಡಿಗೆ ಹೋಗಿ ಬಂದೆ. ಮಕ್ಕಳಾಗಲಿ ಅಂತ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಒಪ್ಪಿಸುವುದು ನಿಮಗೆ ಹೊಸದೇನಲ್ಲ. ಇವತ್ತೂ ಒಂದು ಜೋಡಿ ಬಂದಿತ್ತು. ಇಬ್ಬರ ಕೈಯೂ ಆ ಪುಟ್ಟ ತೊಟ್ಟಿಲಿನ ಮೇಲಿತ್ತು. ಇಬ್ಬರೂ ಕಣ್ಣು ಮುಚ್ಚಿ ಬೇಡಿಕೊಂಡರು. ನೋಡಿ ನನಗೆ ಮನಸ್ಸು ತುಂಬಿ ಬಂತು.

ಹೊರಗೆ ಬಂದ ಮೇಲೆ ಒಂದು ವಿಷಯ ಹೊಳೆಯಿತು. ದೇವರ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ನನ್ನ ಹತ್ತಿರ ಮಾತ್ರ ಹೆಂಡತಿ ಬರುತ್ತಾಳೆ. ಜೊತೆಗೆ ಅತ್ತೆ ಇರುತ್ತಾರೆ, ಇಲ್ಲಾಂದ್ರೆ ತಾಯಿ. "ಯಜಮಾನರು ಎಲ್ಲಮ್ಮಾ?" ಅಂತ ಕೇಳಿದರೆ "ಹೊರಗೆ ಗಾಡಿ ಹತ್ತಿರ ಇದ್ದಾರೆ ಮೇಡಂ" ಅನ್ನುತ್ತಾಳೆ. ನಾನು ಸ್ತ್ರೀರೋಗ ವೈದ್ಯೆಯಾಗಿ 22 ವರ್ಷ ಆಯಿತು. ಗಾಡಿ ಹತ್ತಿರ ನಿಂತವರನ್ನು ಒಳಗೆ ಕರೆಯುವುದೇ ನನ್ನ ಕೆಲಸದಲ್ಲಿ ಅತಿ ಕಷ್ಟದ್ದು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಬಂದಳು. ಮದುವೆಯಾಗಿ ಏಳು ವರ್ಷ. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರ ತುಂಬ ವರದಿಗಳು. ಥೈರಾಯ್ಡ್ ಪರೀಕ್ಷೆ ಆರು ಸಲ ಆಗಿತ್ತು. ಸ್ಕ್ಯಾನಿಂಗ್ ಎಷ್ಟು ಸಲ ಅಂತ ನಾನು ಎಣಿಸಲಿಲ್ಲ. ಟ್ಯೂಬ್ ಟೆಸ್ಟ್, ಅಂದರೆ ಮೊಟ್ಟೆ ಗರ್ಭಕೋಶಕ್ಕೆ ಬರುವ ನಾಳ ತೆರೆದಿದೆಯಾ ಅಂತ ನೋಡುವ ಎಕ್ಸ್‌ರೇ, ಎರಡು ಸಲ. ಹೊಕ್ಕಳಿನ ಹತ್ತಿರ, ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುವ ಲ್ಯಾಪ್ರೋಸ್ಕೋಪಿಯ ಗುರುತು. ಮೂರು ಊರಿನ ಡಾಕ್ಟರ ಚೀಟಿಗಳಿದ್ದವು. ಎಲ್ಲ ವರದಿಯೂ ಚೆನ್ನಾಗಿಯೇ ಇತ್ತು. ಆ ಚೀಲದಲ್ಲಿ ಇಲ್ಲದ್ದು ಒಂದೇ ಕಾಗದ: ಗಂಡನ ವೀರ್ಯ ಪರೀಕ್ಷೆಯ ವರದಿ.

ಅವರನ್ನು ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ವರದಿ ಬಂತು. ವೀರ್ಯಾಣು ಒಂದೂ ಇರಲಿಲ್ಲ. ಖಾತ್ರಿಗೆ ಇನ್ನೊಂದು ಸಲ ಮಾಡಿಸಿದೆವು. ಆಗಲೂ ಸೊನ್ನೆ. ವಿಷಯ ತಿಳಿದಾಗ ಆ ಹುಡುಗಿ ಅಳಲಿಲ್ಲ. ತುಂಬ ಹೊತ್ತು ಆ ಚೀಲವನ್ನೇ ನೋಡುತ್ತಾ ಕೂತಳು. ಆಮೇಲೆ ಕೇಳಿದಳು, "ಹಂಗಾದ್ರೆ ಏಳು ವರ್ಷ ನಾನು ಮಾತ್ರೆ ನುಂಗಿದ್ದು ಯಾರಿಗೆ ಮೇಡಂ?"

ಆ ಪ್ರಶ್ನೆ ನನ್ನನ್ನೂ ಚುಚ್ಚಿತು. ಯಾಕೆಂದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಎದುರಿಗೆ ಕೂತವಳು ಹೆಂಡತಿ, ಹಾಗಾಗಿ ಪರೀಕ್ಷೆ ಬರೆಯುತ್ತಿದ್ದದ್ದೂ ಅವಳಿಗೇ. ಗಂಡನ ಪರೀಕ್ಷೆಯನ್ನು ಚೀಟಿಯ ಕೊನೆಗೆ, "ಆದರೆ ಮಾಡಿಸಿ" ಅನ್ನುವ ಹಾಗೆ ಬರೆಯುತ್ತಿದ್ದೆ. ಈಗ ಚೀಟಿಯ ಮೊದಲ ಸಾಲೇ ಅದು.

ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಕೆಲವರಲ್ಲಿ ತೊಂದರೆ ಅವನದ್ದೊಂದೇ, ಇನ್ನು ಕೆಲವರಲ್ಲಿ ಇಬ್ಬರದ್ದೂ. ಪರೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಂಗಸಿಗೆ ರಕ್ತ ತೆಗೆಯಬೇಕು, ಒಳಗಿನ ಸ್ಕ್ಯಾನ್ ಮಾಡಬೇಕು, ಗರ್ಭಕೋಶಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಯಬೇಕು. ಗಂಡಸಿಗೆ ಒಂದು ಡಬ್ಬಿ ಸಾಕು. ಸೂಜಿ ಇಲ್ಲ, ನೋವಿಲ್ಲ. ಖರ್ಚು ಕೆಲವು ನೂರು ರೂಪಾಯಿ. ಅಷ್ಟು ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನೇ ಮೊದಲು ಮಾಡುತ್ತೇವೆ ಅಲ್ವಾ?

ಕಾರಣ ನನಗೆ ಗೊತ್ತು, ನಿಮಗೂ ಗೊತ್ತು. ಸೊನ್ನೆ ಬಂದರೆ ಗಂಡಸ್ತನಕ್ಕೇ ಕುಂದು ಅಂತ ಭಯ. ಗಂಡಸರೂ ಇಲ್ಲಿ ಕೂತಿದ್ದೀರಿ, ನೇರವಾಗಿ ಹೇಳುತ್ತೇನೆ. ಗಂಡಸ್ತನ ಬೇರೆ, ವೀರ್ಯಾಣುವಿನ ಲೆಕ್ಕ ಬೇರೆ. ಸಂಸಾರ ಚೆನ್ನಾಗಿ ನಡೆಸುವ, ಗಟ್ಟಿಮುಟ್ಟಾಗಿರುವ ಗಂಡಸಿನಲ್ಲೂ ವೀರ್ಯಾಣು ಇಲ್ಲದಿರಬಹುದು. ಹೊರಗೆ ಬರುವ ದ್ರವದಲ್ಲಿ ವೀರ್ಯಾಣುವಿನ ಪಾಲು ತೀರಾ ಚಿಕ್ಕದು. ಅದು ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಮೈಕ್ರೋಸ್ಕೋಪಿಗೆ ಮಾತ್ರ ಗೊತ್ತು.

ಈ ಪರೀಕ್ಷೆಯನ್ನು ಸರಿಯಾಗಿ ಮಾಡಿಸುವುದು ಹೇಗೆ ಅಂತ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ತಪ್ಪಾಗಿ ಮಾಡಿಸಿ ಸುಮ್ನೆ ಕಂಗಾಲಾದವರನ್ನು ತುಂಬ ನೋಡಿದ್ದೇನೆ. ಪರೀಕ್ಷೆಗೆ ಮೊದಲು ಎರಡು ದಿನಕ್ಕಿಂತ ಕಡಿಮೆಯಿಲ್ಲದೆ, ಏಳು ದಿನಕ್ಕಿಂತ ಜಾಸ್ತಿಯಿಲ್ಲದೆ, ವೀರ್ಯ ಹೊರಗೆ ಹೋಗದ ಹಾಗೆ ಬಿಡುವು ಇರಬೇಕು. ಹದಿನೈದು ದಿನ ಕಾದರೆ ಇನ್ನೂ ಒಳ್ಳೇದು ಅಂತ ಕೆಲವರು ತಿಳಿಯುತ್ತಾರೆ. ಹಾಗೆ ಮಾಡಿದರೆ ಸತ್ತ ವೀರ್ಯಾಣು ಸೇರಿಕೊಂಡು ವರದಿ ಕೆಡುತ್ತದೆ. ಲ್ಯಾಬ್‌ನವರು ಕೊಟ್ಟ ಡಬ್ಬಿಯಲ್ಲೇ, ಕೈಯಿಂದಲೇ ಹಿಡಿಯಬೇಕು. ಅಂಗಡಿಯ ಕಾಂಡೋಮ್ ಬೇಡ, ಅದರಲ್ಲಿರುವ ರಾಸಾಯನಿಕಕ್ಕೆ ವೀರ್ಯಾಣು ಸಾಯಬಹುದು. ಮೊದಲ ಹನಿಗಳು ಹೊರಗೆ ಹೋಗಿದ್ದರೆ ನಾಚಿಕೊಳ್ಳದೆ ಹೇಳಿ. ವೀರ್ಯಾಣು ಜಾಸ್ತಿ ಇರುವುದು ಆ ಹನಿಗಳಲ್ಲೇ. ಮನೆಯಲ್ಲಿ ಹಿಡಿದರೆ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ, ಮೈ ಬೆಚ್ಚಗಿರುವ ಕಡೆ ಇಟ್ಟುಕೊಂಡು ಬನ್ನಿ. ಬೈಕಿನ ಡಿಕ್ಕಿಯಲ್ಲಿ ಇಡಬೇಡಿ.

ವರದಿ ಕೈಗೆ ಬಂದ ತಕ್ಷಣ ಎಲ್ಲರೂ ಫೋನ್ ತೆಗೆದು ಹುಡುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊಸ ಅಳತೆಗಳನ್ನು ಕೊಟ್ಟಿದೆ. ಒಂದು ಮಿಲಿ ದ್ರವದಲ್ಲಿ 1.6 ಕೋಟಿ ವೀರ್ಯಾಣು, ಅದರಲ್ಲಿ ನೂರಕ್ಕೆ 42 ಅಲುಗಾಡಬೇಕು, ಆಕಾರ ಸರಿಯಿರುವುದು ನೂರಕ್ಕೆ 4 ಇದ್ದರೂ ಸಾಕು. ಈ ನಾಲ್ಕನ್ನು ನೋಡಿ ಬೆವರಿದವರು ಎಷ್ಟು ಜನವೋ. "96 ಭಾಗ ಸೊಟ್ಟ ಅಂತೆ ಮೇಡಂ, ಮಗು ಹೆಂಗೆ ಹುಟ್ಟತ್ತೆ?" ಅಂತ ಒಬ್ಬರು ಗದ್ಗದವಾಗಿ ಕೇಳಿದ್ದರು. ಗಂಡಸರಲ್ಲಿ ಅದು ಇರುವುದೇ ಹಾಗೆ. ವೀರ್ಯಾಣುವಿನ ಆಕಾರಕ್ಕೂ ಹುಟ್ಟುವ ಮಗುವಿನ ಅಂಗಾಂಗಕ್ಕೂ ಸಂಬಂಧ ಇಲ್ಲ. ಈ ಅಳತೆಗಳನ್ನು ತೆಗೆದದ್ದು ಒಂದು ವರ್ಷದೊಳಗೆ ತಂದೆಯಾದ ಗಂಡಸರನ್ನು ಪರೀಕ್ಷಿಸಿ. ಅವರಲ್ಲೂ ನೂರಕ್ಕೆ ಐದು ಜನ ಈ ಗೆರೆಗಿಂತ ಕೆಳಗೇ ಇದ್ದರು, ಆದರೂ ಅಪ್ಪ ಆದರು. ಕಡಿಮೆ ಇದೆ ಅಂದರೆ ತಡವಾಗಬಹುದು ಅಂತ ಅರ್ಥ. ಆಗುವುದೇ ಇಲ್ಲ ಅಂತ ಅಲ್ಲ.

ಒಂದೇ ವರದಿ ನೋಡಿ ತೀರ್ಮಾನಕ್ಕೂ ಬರಬೇಡಿ. ನೀವು ರೇಷ್ಮೆ ಸಾಕುವವರು. ಚಾಕಿ ಮರಿಹುಳು ತಂದು ಗೂಡು ಬಿಡಿಸಲು ಒಂದು ತಿಂಗಳೂ ಬೇಕಾಗುವುದಿಲ್ಲ. ವೀರ್ಯಾಣು ತಯಾರಾಗಿ ಹೊರಗೆ ಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಇವತ್ತಿನ ವರದಿ ಹೇಳುವುದು ಮೂರು ತಿಂಗಳ ಹಿಂದಿನ ಕಥೆ. ಆಗ ಡೆಂಗಿ ಜ್ವರ ಬಂದಿದ್ದರೆ ಇವತ್ತು ಲೆಕ್ಕ ಕಡಿಮೆ ಬರುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಸೊನ್ನೆ ಅಥವಾ ತೀರಾ ಕಡಿಮೆ ಬಂದರೆ ಮಾತ್ರ ಅಷ್ಟು ಕಾಯಬೇಡಿ.

ಹುಳು ಮನೆಯ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತೀರಿ. ಶಾಖ ಏರಿದರೆ ಹುಳು ಉಳಿಯುವುದಿಲ್ಲ ಅಂತ ನಿಮಗೆ ಗೊತ್ತು. ಗಂಡಸಿನ ಬೀಜಗಳೂ ಹಾಗೆಯೇ. ಮೈ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು ಅಂತಲೇ ಅವು ಹೊಟ್ಟೆಯ ಹೊರಗೆ ಇರುವುದು. ದಿನವಿಡೀ ಎಂಜಿನ್ ಬಿಸಿಯ ಪಕ್ಕ ಕೂರುವವರು, ಒಲೆ, ಬಾಯ್ಲರ್ ಮುಂದೆ ಕೆಲಸ ಮಾಡುವವರು ಇದನ್ನು ಡಾಕ್ಟರಿಗೆ ಹೇಳಬೇಕು. ಬೀಜದ ಮೇಲಿನ ರಕ್ತನಾಳ ಉಬ್ಬುವ ವೆರಿಕೋಸೀಲ್ ಅನ್ನುವ ತೊಂದರೆಯೂ ಇದೆ. ಬೀಡಿ, ಸಿಗರೇಟು, ಗುಟ್ಕಾ, ಹೆಂಡ ಇವುಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಬಿಟ್ಟ ಮೂರು ತಿಂಗಳಿಗೆ ವರದಿ ಸುಧಾರಿಸಿದ್ದನ್ನು ನಾನೇ ನೋಡಿದ್ದೇನೆ.

ಆ ಚೀಲದ ಹುಡುಗಿಯ ಗಂಡನಿಗೆ ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಅವರ ಹಾರ್ಮೋನು ಸರಿಯಿತ್ತು. ಬೀಜಗಳ ಗಾತ್ರ ಸರಿಯಿತ್ತು. ವೀರ್ಯಾಣು ಒಳಗೆ ತಯಾರಾಗುತ್ತಿತ್ತು, ಬರುವ ದಾರಿ ಮುಚ್ಚಿತ್ತು. ಅಂಥವರಲ್ಲಿ ಸಣ್ಣ ಸೂಜಿಯಿಂದ ವೀರ್ಯಾಣು ತೆಗೆದು, ಹೆಂಡತಿಯ ಒಂದೊಂದು ಮೊಟ್ಟೆಯೊಳಗೆ ಒಂದೊಂದನ್ನು ಸೇರಿಸಬಹುದು. ಇಕ್ಸಿ ಅನ್ನುತ್ತಾರೆ. ಈ ವಿಧಾನದಿಂದ ಮೊದಲ ಮಕ್ಕಳು ಹುಟ್ಟಿದ ಸುದ್ದಿ 1992ರಲ್ಲಿ ಬೆಲ್ಜಿಯಂನಿಂದ ಬಂತು. ಅದಕ್ಕೆ ಮೊದಲು ಇಂಥ ಗಂಡಸರಿಗೆ ಹೆಚ್ಚಿನ ದಾರಿಯೇ ಇರಲಿಲ್ಲ. ಇವರಿಗೆ ಈಗ ಒಬ್ಬಳು ಮಗಳಿದ್ದಾಳೆ. ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರಲ್ಲಿ ಬೀಜದೊಳಗೇ ವೀರ್ಯಾಣು ತಯಾರಾಗುವುದಿಲ್ಲ. ಅಲ್ಲಿ ದಾರಿ ಕಷ್ಟ. ಆದರೂ ಮೊದಲ ತಿಂಗಳೇ ಗೊತ್ತಾಗಿದ್ದರೆ ಆ ಹೆಣ್ಣುಮಗಳ ಹೊಟ್ಟೆಯ ಮೇಲೆ ಆ ಗುರುತು ಇರುತ್ತಿರಲಿಲ್ಲ.

ಇನ್ನು ಹೆಂಗಸರ ಕಡೆಗೆ ಬರೋಣ.

ಮೊದಲು ಯಾವಾಗ ಬರಬೇಕು ಅನ್ನುವುದು. ಜೊತೆಯಲ್ಲಿದ್ದು, ಯಾವ ತಡೆಯೂ ಇಲ್ಲದೆ ಒಂದು ವರ್ಷ ಪ್ರಯತ್ನಿಸಿದ ಮೇಲೆ ಬನ್ನಿ. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಆಗ ಹಾಸಿಗೆ ಹಿಡಿಯುವಷ್ಟು ನೋವಿದ್ದರೆ, ಹಿಂದೆ ಕ್ಷಯ ಆಗಿದ್ದರೆ, ಗಂಡನಿಗೆ ಚಿಕ್ಕಂದಿನಲ್ಲಿ ಬೀಜ ಕೆಳಗಿಳಿಯದೆ ಆಪರೇಷನ್ ಆಗಿದ್ದರೆ ಒಂದು ದಿನವೂ ಕಾಯಬೇಡಿ. ಇದ್ಯಾವುದೂ ಇಲ್ಲದಿದ್ದರೆ, ಮದುವೆಯಾಗಿ ನಾಲ್ಕು ತಿಂಗಳಿಗೇ "ಏನಾದ್ರೂ ವಿಶೇಷ ಇದೆಯಾ?" ಅಂತ ಕೇಳುವವರಿಗೆ ಉತ್ತರ ಕೊಡಲು ಆಸ್ಪತ್ರೆಗೆ ಬರಬೇಕಾಗಿಲ್ಲ. ನೂರು ಜೋಡಿಗಳಲ್ಲಿ 80ಕ್ಕೂ ಹೆಚ್ಚಿನವರಿಗೆ ಮೊದಲ ವರ್ಷದಲ್ಲೇ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧ ಜನಕ್ಕೆ ಎರಡನೇ ವರ್ಷದಲ್ಲಿ. ಇನ್ನೊಂದು ಕಡೆ, ನೀವು ಒಂಟಿಯೂ ಅಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಈ ತೊಂದರೆ ಕಾಣುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಎಷ್ಟೋ ಜೋಡಿಗಳಿಗೆ ನನ್ನ ಮೊದಲ ಔಷಧಿ ಕ್ಯಾಲೆಂಡರು. ಹೆಂಡತಿ ಊರಲ್ಲಿ, ಗಂಡ ಬೆಂಗಳೂರಲ್ಲೋ ಬಿಡದಿಯಲ್ಲೋ ಪಾಳಿ ಕೆಲಸದಲ್ಲಿ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾನೆ. ಮದುವೆಯಾಗಿ ಎರಡು ವರ್ಷ ಅನ್ನುತ್ತಾರೆ. ಜೊತೆಯಲ್ಲಿದ್ದ ದಿನ ಲೆಕ್ಕ ಹಾಕಿದರೆ ಆರು ತಿಂಗಳೂ ಆಗಿರುವುದಿಲ್ಲ. ಹೊರಬಿದ್ದ ಮೊಟ್ಟೆ ಬದುಕುವುದು ಒಂದು ದಿನ, ಅಷ್ಟೇ. ವೀರ್ಯಾಣು ಐದು ದಿನದವರೆಗೆ ಒಳಗೆ ಬದುಕಬಲ್ಲದು. ಹಾಗಾಗಿ ಮೊಟ್ಟೆ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ, ತಿಂಗಳಿಗೆ ಆ ಆರು ದಿನವೇ ಮುಖ್ಯ. 14ನೇ ದಿನ ಅಂತ ಎಲ್ಲರೂ ಬಾಯಿಪಾಠ ಮಾಡಿದ್ದಾರೆ. 28 ದಿನಕ್ಕೆ ಮುಟ್ಟಾಗುವವರಿಗೆ ಅದು ಸರಿ. 35 ದಿನಕ್ಕೆ ಆಗುವವರಿಗೆ 21ನೇ ದಿನದ ಸುತ್ತಮುತ್ತ. ಮುಂದಿನ ಮುಟ್ಟಿನಿಂದ ಹಿಂದಕ್ಕೆ 14 ಎಣಿಸಬೇಕು. ಎಣಿಕೆ ತಲೆನೋವು ಅನ್ನಿಸಿದರೆ ಬಿಡಿ, ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ಗಂಡನಿಗೆ ಆ ವಾರ ರಜೆ ಹಾಕಲು ಹೇಳಿ. ಇದೂ ಒಂದು ಚಿಕಿತ್ಸೆಯೇ.

ಪರೀಕ್ಷೆಗಳಲ್ಲಿ ಮೂರು ವಿಷಯ ನೋಡುತ್ತೇವೆ: ಮೊಟ್ಟೆ ತಿಂಗಳು ತಿಂಗಳು ಬಿಡುಗಡೆಯಾಗುತ್ತಿದೆಯಾ, ಟ್ಯೂಬಿನ ದಾರಿ ತೆರೆದಿದೆಯಾ, ಗರ್ಭಕೋಶ ಚೆನ್ನಾಗಿದೆಯಾ. ಮುಟ್ಟು ಗಡಿಯಾರದ ಹಾಗೆ ಬರುತ್ತಿದ್ದರೆ ಮೊಟ್ಟೆ ಬಿಡುಗಡೆಯಾಗುತ್ತಿದೆ ಅಂತ ಬಹುಮಟ್ಟಿಗೆ ನಂಬಬಹುದು. ಥೈರಾಯ್ಡ್, ಸಕ್ಕರೆ, ರಕ್ತಹೀನತೆ ನೋಡಿಕೊಳ್ಳಬೇಕು. ರುಬೆಲ್ಲಾ ಲಸಿಕೆ ಆಗಿದೆಯಾ ಅಂತ ಕೇಳುತ್ತೇವೆ. ಫೋಲಿಕ್ ಆಸಿಡ್ ಮಾತ್ರೆಯನ್ನು ಬಸುರಿಯಾದ ಮೇಲಲ್ಲ, ಪ್ರಯತ್ನ ಶುರು ಮಾಡಿದಾಗಲೇ ತೆಗೆದುಕೊಳ್ಳಬೇಕು.

ಈಚೆಗೆ ಎಎಂಎಚ್ ಅನ್ನುವ ರಕ್ತ ಪರೀಕ್ಷೆ ತುಂಬ ಜನರ ನಿದ್ದೆ ಕೆಡಿಸಿದೆ. ಹೆಣ್ಣುಮಗು ಹುಟ್ಟುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷ ಮೊಟ್ಟೆ ಇಟ್ಟುಕೊಂಡೇ ಹುಟ್ಟುತ್ತದೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಹೊಸದು ಹುಟ್ಟುವುದಿಲ್ಲ. ಕಣಜದಲ್ಲಿ ಇನ್ನೆಷ್ಟು ಉಳಿದಿದೆ ಅಂತ ಎಎಂಎಚ್ ಅಂದಾಜು ಹೇಳುತ್ತದೆ. ಕಾಳು ಗಟ್ಟಿಯೋ ಜೊಳ್ಳೋ ಅಂತ ಹೇಳುವುದಿಲ್ಲ. ತಾನಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಅಂತಲೂ ಹೇಳುವುದಿಲ್ಲ. ಮೊಟ್ಟೆಯನ್ನು ಹೊರಗೆ ತೆಗೆದು, ಲ್ಯಾಬ್‌ನಲ್ಲಿ ವೀರ್ಯಾಣುವಿನ ಜೊತೆ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವುದಕ್ಕೆ ಐವಿಎಫ್ ಅನ್ನುತ್ತಾರೆ. ಅದರ ಚುಚ್ಚುಮದ್ದಿಗೆ ಎಷ್ಟು ಮೊಟ್ಟೆ ಸಿಗಬಹುದು ಅಂತ ತಿಳಿಯಲು ಎಎಂಎಚ್ ಉಪಯೋಗ. 27 ವರ್ಷದ ಹುಡುಗಿಗೆ ಎಎಂಎಚ್ ಕಡಿಮೆ ಅಂತ ಹೆದರಿಸಿ ನೇರ ಐವಿಎಫ್‌ಗೆ ತಳ್ಳಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ವಯಸ್ಸೇ ಎಎಂಎಚ್‌ಗಿಂತ ದೊಡ್ಡ ಸುಳಿವು.

ಟ್ಯೂಬ್ ಟೆಸ್ಟನ್ನು ಮುಟ್ಟು ನಿಂತ ಮೇಲೆ, ಮೊಟ್ಟೆ ಬಿಡುಗಡೆಗೆ ಮುಂಚೆ ಮಾಡುತ್ತಾರೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಜೋರಾದ ಮುಟ್ಟಿನ ನೋವಿನ ಹಾಗೆ ಕೆಲವು ನಿಮಿಷ ಇರುತ್ತದೆ. ಮುಂಚೆಯೇ ನೋವಿನ ಮಾತ್ರೆ ಕೇಳಿ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಟ್ಯೂಬ್ ಮುಚ್ಚಿಹೋಗಲು ಕ್ಷಯವೂ ಒಂದು ಮುಖ್ಯ ಕಾರಣ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ಗರ್ಭಕೋಶದಲ್ಲಿ ಕೂತಿರಬಹುದು. ಹಾಗಂತ ಕ್ಷಯದ ಕುರುಹು ಹುಡುಕುವ ಪಿಸಿಆರ್ ಪರೀಕ್ಷೆಯ ಒಂದೇ ವರದಿ ನೋಡಿ ಆರು ತಿಂಗಳ ಕ್ಷಯದ ಮಾತ್ರೆ ಶುರು ಮಾಡುವುದೂ ತಪ್ಪು. ಬೇರೆ ಆಧಾರ ಇದೆಯಾ ಅಂತ ಕೇಳಿ.

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಮೊಟ್ಟೆ ಸರಿಯಾಗಿ ಬಲಿಯದೆ ಮುಟ್ಟು ಏರುಪೇರಾಗುವ ಪಿಸಿಓಡಿ ಇದ್ದು ತೂಕ ಜಾಸ್ತಿಯಿದ್ದರೆ, ನೂರು ಕೆಜಿಯಲ್ಲಿ ಐದು ಕೆಜಿ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸರಿಯಾಗುತ್ತದೆ. ಆಮೇಲೆ ಮೊಟ್ಟೆ ಬೆಳೆಸುವ ಮಾತ್ರೆ. ಲೆಟ್ರೊಜೋಲ್ ಅಂತ ಬರೆದುಕೊಟ್ಟರೆ ಗೂಗಲ್‌ನಲ್ಲಿ ನೋಡಿ "ಇದು ಕ್ಯಾನ್ಸರ್ ಮಾತ್ರೆ ಅಲ್ವಾ?" ಅಂತ ಓಡಿ ಬರುತ್ತಾರೆ. ಅದು ಸ್ತನ ಕ್ಯಾನ್ಸರಿಗೆ ಬಂದ ಔಷಧಿ, ನಿಜ. 2011ರಲ್ಲಿ ನಮ್ಮ ಸರ್ಕಾರ ಇದನ್ನು ಮಕ್ಕಳಾಗುವ ಚಿಕಿತ್ಸೆಗೆ ಬಳಸಬಾರದು ಅಂದಿತ್ತು. 2014ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಪಿಸಿಓಡಿ ಇರುವವರಲ್ಲಿ ಹಳೇ ಮಾತ್ರೆಗಿಂತ ಇದರಿಂದಲೇ ಹೆಚ್ಚು ಮಕ್ಕಳು ಹುಟ್ಟುತ್ತಾರೆ ಅಂತ ತೋರಿಸಿತು. 2017ರಲ್ಲಿ ತಡೆ ತೆಗೆದರು. ಐದು ದಿನದ ಮಾತ್ರೆ, ಗಾಬರಿ ಬೇಡ. ಮುಂದಿನ ಮೆಟ್ಟಿಲು ಐಯುಐ. ಗಂಡನ ವೀರ್ಯವನ್ನು ತೊಳೆದು, ಸರಿಯಾದ ದಿನ ಗರ್ಭಕೋಶಕ್ಕೆ ಬಿಡುವುದು. ಟ್ಯೂಬ್ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆಯಿದ್ದರೆ, ವಯಸ್ಸು ಓಡುತ್ತಿದ್ದರೆ ಐವಿಎಫ್.

ಐವಿಎಫ್ ಅಂದಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಜಗತ್ತಿನ ಮೊದಲ ಪ್ರನಾಳ ಶಿಶು. ಎರಡು ತಿಂಗಳು ಚಿಲ್ಲರೆ ಕಳೆದು, ಅಕ್ಟೋಬರ್ 3ಕ್ಕೆ ಕಲ್ಕತ್ತಾದಲ್ಲಿ ದುರ್ಗಾ ಹುಟ್ಟಿದಳು. ಅದರ ಹಿಂದೆ ಇದ್ದವರು ಡಾ. ಸುಭಾಷ್ ಮುಖೋಪಾಧ್ಯಾಯ. ಸರ್ಕಾರದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಹೊರದೇಶಕ್ಕೆ ಹೋಗಿ ಹೇಳಲೂ ಬಿಡಲಿಲ್ಲ. ಕೊನೆಗೆ ಕಣ್ಣಿನ ಆಸ್ಪತ್ರೆಗೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ನೊಂದು ಜೀವ ಕಳೆದುಕೊಂಡರು. 1986ರಲ್ಲಿ ಮುಂಬೈನಲ್ಲಿ ಹುಟ್ಟಿದ ಹರ್ಷಾಳನ್ನು ದೇಶದ ಮೊದಲ ಪ್ರನಾಳ ಶಿಶು ಅಂತ ಎಲ್ಲರೂ ಬರೆದುಕೊಂಡರು. ಆ ಕೆಲಸದ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್. ಮುಂದೆ ಅವರು ಸುಭಾಷರ ಟಿಪ್ಪಣಿಗಳನ್ನು ಓದಿದರು. ಓದಿ, ಮೊದಲಿಗರು ನಾವಲ್ಲ, ಅವರು ಅಂತ 1997ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿಗೆ ಬಂದ ಹಿರಿಮೆಯನ್ನು ತಾನೇ ಇನ್ನೊಬ್ಬರಿಗೆ ಕೊಟ್ಟ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಸುಭಾಷರಿಗೆ ನ್ಯಾಯ ಸಿಕ್ಕಿದ್ದು ಅವರ ಕಾಗದಗಳು ಉಳಿದಿದ್ದರಿಂದ. ನಿಮಗೂ ಅದನ್ನೇ ಹೇಳುತ್ತೇನೆ. ಎಲ್ಲೇ ಚಿಕಿತ್ಸೆ ಪಡೆದರೂ ಫೈಲು ನಿಮ್ಮ ಕೈಯಲ್ಲಿರಲಿ. ಎಷ್ಟು ಮೊಟ್ಟೆ ಸಿಕ್ಕಿತು, ಎಷ್ಟು ಭ್ರೂಣ ಆಯಿತು, ಎಷ್ಟು ಒಳಗೆ ಇಟ್ಟರು, ಎಷ್ಟು ಫ್ರೀಜ್ ಮಾಡಿದರು ಅಂತ ಬರೆಸಿಕೊಳ್ಳಿ. ಒಂದು ಸುತ್ತಿಗೆ ಲಕ್ಷದ ಮೇಲೆ ಕೊಡುತ್ತೀರಿ, ಎರಡು ಲಕ್ಷ ದಾಟುವುದೂ ಉಂಟು. ಹೊಲ ಅಡ ಇಟ್ಟವರನ್ನು, ತಾಳಿ ಸರ ಮಾರಿದವರನ್ನು ನಾನು ಕಂಡಿದ್ದೇನೆ. ಅಷ್ಟು ಕೊಡುವವರಿಗೆ ಕೇಳುವ ಹಕ್ಕು ಇದೆ.

ರಸ್ತೆ ಬದಿಯ ಬೋರ್ಡಿನಲ್ಲಿ ಎಂಬತ್ತು, ತೊಂಬತ್ತು ಪರ್ಸೆಂಟ್ ಅಂತ ಕಂಡರೆ ನಿಂತು ಯೋಚಿಸಿ. ಬ್ರಿಟನ್‌ನಲ್ಲಿ ಪ್ರತಿಯೊಂದು ಐವಿಎಫ್‌ನ ಲೆಕ್ಕವನ್ನೂ ಸರ್ಕಾರದ ಸಂಸ್ಥೆ ಇಡುತ್ತದೆ. ಅಲ್ಲಿ 35ರೊಳಗಿನ ಹೆಂಗಸರಲ್ಲೂ ಒಂದು ಭ್ರೂಣ ಇಟ್ಟರೆ ಮಗು ಹುಟ್ಟುವುದು ಸರಿಸುಮಾರು ಮೂರರಲ್ಲಿ ಒಂದು ಸಲ. ತಮ್ಮದೇ ಮೊಟ್ಟೆಯಿಂದ 43 ವರ್ಷದವರಿಗೆ ಇಪ್ಪತ್ತರಲ್ಲಿ ಒಂದು ಸಲದ ಹತ್ತಿರ. ಹಾಗಾಗಿ "ನನ್ನ ವಯಸ್ಸಿನವರಲ್ಲಿ ಎಷ್ಟು ಜನ ಮಗು ಎತ್ತಿಕೊಂಡು ಮನೆಗೆ ಹೋದರು?" ಅಂತ ಕೇಳಿ. ಪಾಸಿಟಿವ್ ಬಂದವರ ಲೆಕ್ಕ ಬೇಡ. ಮೂರು ಭ್ರೂಣ ಇಡುತ್ತೇವೆ, ಅವಳಿ ಗ್ಯಾರಂಟಿ ಅಂದರೆ ಖುಷಿಪಡಬೇಡಿ. ಅವಳಿ ಬಸಿರು ತಾಯಿಗೂ ಮಕ್ಕಳಿಗೂ ಅಪಾಯ ಜಾಸ್ತಿ. ಚುಚ್ಚುಮದ್ದಿನ ದಿನಗಳಲ್ಲಿ ಹೊಟ್ಟೆ ವಿಪರೀತ ಊದಿಕೊಂಡು ಉಸಿರು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಕಾನೂನೂ ಇದೆ. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ 2021ರಲ್ಲಿ ಬಂದ ಎಆರ್‌ಟಿ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ಐವಿಎಫ್ ಕೇಂದ್ರ ನೋಂದಣಿ ಮಾಡಿಸಿರಲೇಬೇಕು. ಈ ಚಿಕಿತ್ಸೆಗೆ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷದ ಮಿತಿ ಇದೆ. ಬೇರೆಯವರ ಮೊಟ್ಟೆಯೋ ವೀರ್ಯವೋ ಪಡೆದು ಹುಟ್ಟಿದ ಮಗು ಕಾನೂನಿನ ಪ್ರಕಾರ ನಿಮ್ಮದೇ ಮಗು.

ಈಗ ಪ್ರಶ್ನೆಗಳು.

ಒಬ್ಬ ಅತ್ತೆ ಕೇಳಿದರು: "ಸೊಸೆಗೆ ಐಯುಐ ಮಾಡ್ಸಿದೀವಿ ಡಾಕ್ಟ್ರಮ್ಮ. ಹದಿನೈದು ದಿನ ಮಂಚ ಇಳೀಬೇಡ ಅಂದಿದೀನಿ. ಸರಿ ತಾನೆ?"

ನಿಮ್ಮ ಕಾಳಜಿ ದೊಡ್ಡದಮ್ಮ. ಆದರೆ ಮಲಗಿದ್ದರೆ ಗರ್ಭ ನಿಲ್ಲುವುದು ಹೆಚ್ಚಾಗುವುದಿಲ್ಲ. ಐವಿಎಫ್ ಆದಾಗಲೂ ಅಷ್ಟೇ. ನಡೆದಾಡಲಿ, ಅಡುಗೆ ಮಾಡಲಿ, ಕೆಲಸಕ್ಕೆ ಹೋಗಲಿ. ಹದಿನೈದು ದಿನ ಸೂರು ನೋಡುತ್ತಾ ಮಲಗಿದವಳಿಗೆ ಮುಟ್ಟಾದರೆ, ಅವತ್ತು ಎದ್ದು ನಡೆದಿದ್ದಕ್ಕೇ ಹೀಗಾಯ್ತು ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ಆ ಭಾರ ಅವಳ ಮೇಲೆ ಹಾಕಬೇಡಿ.

ಒಂದು ಚೀಟಿ ಬಂತು, ಹೆಸರಿಲ್ಲ: "ಜಿಮ್‌ನಲ್ಲಿ ಮೈ ಕಟ್ಟೋಕೆ ಇಂಜೆಕ್ಷನ್ ತಗೋತಿದ್ದೆ. ತೊಂದರೆ ಆಗುತ್ತಾ?"

ಬರೆದ ತಮ್ಮನಿಗೆ ಥ್ಯಾಂಕ್ಸ್. ಆಗುತ್ತದೆ. ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದರೆ ಮೆದುಳು ಬೀಜಗಳಿಗೆ ಕೆಲಸ ನಿಲ್ಲಿಸು ಅನ್ನುತ್ತದೆ. ಲೆಕ್ಕ ಸೊನ್ನೆಗೂ ಇಳಿಯಬಹುದು. ಬಿಟ್ಟ ಮೇಲೆ ಬಹಳ ಜನರಿಗೆ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು. ಮೊದಲು ಡಾಕ್ಟರಿಗೆ ಇದನ್ನು ಹೇಳಿ. ಹೇಳದಿದ್ದರೆ ಅವರು ಬೇರೆಲ್ಲೋ ಕಾರಣ ಹುಡುಕುತ್ತಾ ಇರುತ್ತಾರೆ.

"ಮೊದಲನೇ ಮಗು ತಾನಾಗೇ ಆಯ್ತು. ಈಗ ಐದು ವರ್ಷ ಆದ್ರೂ ಇಲ್ಲ. ನಮ್ಮೆಜಮಾನ್ರಿಗೆ ಮತ್ತೆ ಯಾಕೆ ಟೆಸ್ಟು?"

ಐದು ವರ್ಷದಲ್ಲಿ ಇಬ್ಬರ ಮೈಯೂ ಬದಲಾಗಿರುತ್ತದೆ. ಸಕ್ಕರೆ ಕಾಯಿಲೆ ಬಂದಿರಬಹುದು, ರಕ್ತನಾಳ ಉಬ್ಬಿರಬಹುದು. ನಿಮಗೆ ಹೆರಿಗೆಯ ನಂತರ ಸೋಂಕಾಗಿ ಟ್ಯೂಬ್ ಮುಚ್ಚಿರಬಹುದು. ಇಬ್ಬರೂ ಮೊದಲಿನಿಂದಲೇ ಮಾಡಿಸಿ.

ಗಂಡೋ ಹೆಣ್ಣೋ ಆರಿಸಿಕೊಳ್ಳಬಹುದಾ ಅಂತಲೂ ಒಬ್ಬರು ಕೇಳಿದರು. ಅದು ಅಪರಾಧ. ನನ್ನಲ್ಲಿ ಬೇರೆ ಉತ್ತರ ಇಲ್ಲ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಗಂಡಸು ಎದ್ದು ನಿಂತರು. "ಎರಡು ಸಲ ಐವಿಎಫ್ ಆಯ್ತು ಮೇಡಂ. ಇವಳಿಗೆ ಸಾಕಾಗಿದೆ. ನಿಲ್ಲಿಸಿದ್ರೆ ತಪ್ಪಾ?"

ತಪ್ಪಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಚಿಕಿತ್ಸೆ ಶುರು ಮಾಡುವ ಮುಂಚೆಯೇ ಇಬ್ಬರೂ ಕೂತು ಮಾತಾಡಿಕೊಂಡರೆ ಒಳ್ಳೇದು. ಮೈ ಅವಳದ್ದು. ಅವಳಿಗೆ ಸಾಕು ಅನ್ನಿಸಿದರೆ ಸಾಕು. ದತ್ತು ಬೇಕೆನಿಸಿದರೆ ಕೇಂದ್ರ ಸರ್ಕಾರದ ಕಾರಾ ಮೂಲಕವೇ ಅರ್ಜಿ ಹಾಕಿ. ಆಸ್ಪತ್ರೆಯಿಂದ ನೇರ ಮಗು ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಮಕ್ಕಳು ಬೇಡ, ಇಬ್ಬರೇ ಇರುತ್ತೇವೆ ಅಂದರೂ ಅದು ಪೂರ್ತಿ ಸಂಸಾರವೇ. ಅವರು ಕೂರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಹೆಂಡತಿಯನ್ನು ಕರೆದುಕೊಂಡು ಹೊರಗೆ ಹೋದರು.

ಸಭೆ ಮುಗಿದ ಮೇಲೆ ಒಬ್ಬ ವಯಸ್ಸಾದ ತಾಯಿ ವೇದಿಕೆಯ ಹತ್ತಿರ ಬಂದರು. "ನನ್ ಮಗ ಬರಲ್ಲ ಅಂತಾನಮ್ಮ. ಹೆಂಗಸ್ರ ಆಸ್ಪತ್ರೆಗೆ ನಾನ್ಯಾಕೆ ಅಂತಾನೆ" ಅಂದರು. ಅವನ ಮಾತಿನಲ್ಲೂ ಅರ್ಥ ಇದೆ. ನಮ್ಮ ಬೋರ್ಡಿನಲ್ಲಿ ಬರೆದಿರುವುದೇ ಸ್ತ್ರೀರೋಗ ಅಂತ. ಕೂರುವ ಜಾಗದ ತುಂಬ ಬಸುರಿಯರು. ಅವನು ನನ್ನ ಹತ್ತಿರ ಬರಬೇಕಾಗಿಲ್ಲ ಅಂದೆ. ಲ್ಯಾಬಿಗೆ ಒಬ್ಬನೇ ಹೋಗಲಿ. ಅದೂ ಬೇಡವಾದರೆ ಮನೆಯಲ್ಲೇ ಹಿಡಿದು ಒಂದು ಗಂಟೆಯೊಳಗೆ ತಂದು ಕೊಡಲಿ. ಯಾರ ಹೆಸರನ್ನೂ ಜೋರಾಗಿ ಕೂಗುವುದಿಲ್ಲ. ನನ್ನ ಬ್ಯಾಗಿನಲ್ಲಿ ಹೊಸ ಡಬ್ಬಿ ಇತ್ತು, ಕೊಟ್ಟೆ.

ಆ ತಾಯಿ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು ಕೇಳಿದರು, "ಎಷ್ಟು ದಿನ ಬಿಟ್ಟಿರಬೇಕು ಅಂದ್ರಿ?"

ಎರಡರಿಂದ ಏಳು ದಿನ ಅಂತ ಇನ್ನೊಮ್ಮೆ ಹೇಳಿದೆ.